ದಾಕ್ಷಾಯಿಣಿ ಕತ್ತರಿಸಿದ ಅಂಕಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇರದೆ ಇನ್ನೇನು? ಬೆಳಗಾದರೆ ಚಳ್ಳಕೆರೆಯಿಂದ ಬೈಕ್ ಹತ್ತಿ ಒಂದು ದಿನ ಪರಶುರಾಂಪುರದ ಕಡೆ, ಒಂದು ದಿನ ಬಿ.ಜಿ. ಕೆರೆ, ಮೊಳಕಾಲ್ಮುರು ಕಡೆ, ಇನ್ನೊಂದು ದಿನ ಕುದಾಪುರದ ಆಚೆಯ ಹಟ್ಟಿಗಳ ಕಡೆ ಸುತ್ತುತ್ತೇನೆ. ಜ್ವರ ಬಂದವರ, ಸಕ್ಕರೆ ಕಾಯಿಲೆಯವರ ತೋಳಿಗೆ ಸೂಜಿ ಚುಚ್ಚಿ, ರಕ್ತದ ಸೀಸೆಗಳನ್ನು ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ತರುವವನು ನಾನು. ರಿಪೋರ್ಟ್ ತಡವಾದರೆ ಬೈಸಿಕೊಳ್ಳುವವನೂ ನಾನೇ. ಅಪ್ಪ ಅಮ್ಮ ಮಾರುತೇಶ ಅಂತ ಒಳ್ಳೆಯ ಹೆಸರಿಟ್ಟಿದ್ದರೂ ಹಳ್ಳಿಗಳಲ್ಲಿ "ರಕ್ತ ಹೀರೋನು ಬಂದ ನೋಡ್ರಿ" ಅಂತಲೇ ಕರೆಯುತ್ತಾರೆ. ಇರಲಿ. ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ನಮ್ಮ ಲ್ಯಾಬಿನ ಕಂಪ್ಯೂಟರ್ ಮುಂದೆ ಕೂರುವ ದಾಕ್ಷಾಯಿಣಿಯದು.

ದಾಕ್ಷಾಯಿಣಿಯ ತವರು ಮೊಳಕಾಲ್ಮುರು. ಅಪ್ಪ ತೋಟಪ್ಪನವರದು ಶೇಂಗಾ ಮಂಡಿ. ಶಾಲೆಯಿಂದ ಬಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಳು ಅಳೆಯುತ್ತಿದ್ದರೆ ಗಟ್ಟಿಯಾಗಿ ಎಣಿಸಲು ಹೇಳುತ್ತಿದ್ದರಂತೆ. ನಮ್ಮ ಕಡೆ ಕಾಳುಕಡಿ ಅಳೆಯುವಾಗ ಯಾರೂ 'ಒಂದು' ಅನ್ನುವುದಿಲ್ಲ. ಮೊದಲನೆಯ ಅಳತೆಗೆ 'ಲಾಭ' ಅನ್ನಬೇಕು. ಲಾಭ, ಎರಡು, ಮೂರು, ನಾಲ್ಕು, ಹೀಗೆ. ಆಂಧ್ರದ ಗಡಿಯಿಂದ ಬರುವ ತೆಲುಗಿನವರೂ 'ಲಾಭಂ' ಅಂತಲೇ ಶುರು ಮಾಡುತ್ತಾರೆ. ವ್ಯಾಪಾರದ ಮನೆಯಲ್ಲಿ ಬಾಯಿಂದ ಮೊದಲು ಬರುವ ಮಾತು ಒಳ್ಳೆಯದಿರಲಿ ಅಂತ. ಆ ಅಭ್ಯಾಸ ಈ ಹೆಣ್ಣುಮಗಳಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ನಾನು ತಂದ ರಕ್ತದ ಸೀಸೆಗಳನ್ನೂ "ಲಾಭ, ಎರಡು, ಮೂರು" ಅಂತ ಎಣಿಸಿಯೇ ಒಳಗಿಡುತ್ತಿದ್ದಳು. "ಏನಮ್ಮಾ, ಜ್ವರದೋರ ರಕ್ತದಾಗೂ ಲಾಭ ನೋಡ್ತೀಯಾ?" ಅಂತ ನಾನು ರೇಗಿಸಿದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಮದುವೆಯಾಗಿ ಚಳ್ಳಕೆರೆಗೆ ಬಂದಳು. ಗಂಡನದು ಪಂಪ್‌ಸೆಟ್ ರಿಪೇರಿ ಅಂಗಡಿ. ಬಿ.ಕಾಂ. ಮಾಡಿದ ಹುಡುಗಿ ಮನೆಯಲ್ಲಿ ಕೂತು ಏನು ಮಾಡುವುದು ಅಂತ ನಮ್ಮ ಲ್ಯಾಬಿಗೆ ಸೇರಿಕೊಂಡಳು. ಲ್ಯಾಬಿನ ಮಾಲೀಕ ಅಮರೇಶ್ ಸರ್ ಎರಡು ಕೋಣೆಯ ಮಳಿಗೆಯಲ್ಲಿ ರಕ್ತ ಪರೀಕ್ಷೆಯ ಮೆಷಿನ್ ಇಟ್ಟಿದ್ದರು. ಮೆಷಿನ್ ಹೇಳಿದ್ದನ್ನು ನೋಡಿಕೊಂಡು, ಒಬ್ಬೊಬ್ಬರ ಹೆಸರು, ಫೋನ್ ನಂಬರ್ ಹುಡುಕಿ, ಒಂದೊಂದೇ ರಿಪೋರ್ಟ್ ಟೈಪ್ ಮಾಡಿ ಮೊಬೈಲಿಗೆ ಕಳಿಸುವುದು ದಾಕ್ಷಾಯಿಣಿಯ ಕೆಲಸ. ಜ್ವರದ ಕಾಲ ಬಂತೆಂದರೆ ಆ ಕೆಲಸ ಮುಗಿಯುವುದೇ ಇಲ್ಲ. ಅವಳ ಬೆರಳು ನೋಯುತ್ತಿತ್ತು, ನನ್ನ ಕಿವಿ ಬೈಗುಳ ಕೇಳಿ ಕೇಳಿ ನೋಯುತ್ತಿತ್ತು.

ಆಗ ಅವಳು ಪೈಥಾನ್ ಕಲಿತಳು. ಹಾವಲ್ಲ ಮಾರಾಯ್ರೆ, ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಯಾರೂ ಕಲಿಸಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಕೀಬೋರ್ಡ್. ನನ್ನನ್ನು ಕೂರಿಸಿಕೊಂಡು ಒಮ್ಮೆ ವಿವರಿಸಿದಳು. "ನೋಡ್ರಿ ಮಾರುತೇಶಣ್ಣ, ಸೀಸೆ ಮೇಲಿನ ಗುರುತು ಅಂದ್ರೆ ಅಕ್ಷರದ ಒಂದು ಸರ. ಹೂವಿನ ದಿಂಡು ಇದ್ದಂಗೆ. ಎಲ್ಲಿಂದ ಬೇಕು ಅಂತ ಹೇಳಿದ್ರೆ ಅಲ್ಲಿಂದ ಕತ್ತರಿಸಿ ಕೊಡುತ್ತೆ." ನಮ್ಮ ಸೀಸೆಗಳ ಮೇಲೆ ಮೊದಲು ಸಿ, ಎಚ್, ಕೆ ಅಂತ ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ನಾಲ್ಕು ಅಂಕಿ. ಅಕ್ಷರ ಬಿಟ್ಟು ಅಂಕಿಯಷ್ಟನ್ನು ಕತ್ತರಿಸಿಕೊಂಡರೆ, ಆ ನಂಬರಿನ ಫಲಿತಾಂಶವನ್ನು ಮೆಷಿನ್ನಿನಿಂದ ತಾನೇ ಎಳೆದುಕೊಂಡು, ಸೀಸೆಯವರ ಮೊಬೈಲಿಗೆ ತಾನೇ ಕಳಿಸುತ್ತದೆ. "ಆದ್ರೆ ಈ ಭಾಷೇಲಿ ಎಣಿಕೆ ಒಂದರಿಂದ ಶುರುವಾಗಲ್ಲ ಅಣ್ಣಾ, ಸೊನ್ನೆಯಿಂದ. ನಮ್ಮಪ್ಪನ ಲಾಭ ಇದ್ದಂಗೆ!" ಅಂದಳು. ಅವಳ ಮುಖದಲ್ಲಿ ಎಂಥ ಖುಷಿ! ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ? ಆವತ್ತಿನಿಂದ ಸೀಸೆ ಮೆಷಿನ್ನಿಗೆ ಬಿದ್ದ ಸ್ವಲ್ಪ ಹೊತ್ತಿಗೆ ರಿಪೋರ್ಟ್ ಜನರ ಕೈಯಲ್ಲಿ. ನನ್ನನ್ನು ಬೈಯುವವರೇ ಇಲ್ಲವಾದರು. ಎಷ್ಟೋ ತಿಂಗಳು ಹಾಗೇ ನಡೆಯಿತು, ಒಂದೂ ತಪ್ಪಲಿಲ್ಲ.

ಆ ಮಳೆಗಾಲ ಡೆಂಗೀ ಜ್ವರ ಮನೆಮನೆಗೂ ಹೊಕ್ಕಿತ್ತು. ವರವು ಕಾವಲು ಅನ್ನುವ ದೊಡ್ಡ ಹುಲ್ಲುಗಾವಲಿನ ಪಕ್ಕದ ಹಟ್ಟಿಯಲ್ಲಿ ಕುರಿ ಸಾಕುವ ಕ್ಯಾತಣ್ಣ ಜ್ವರ ಬಂದು ಮಲಗಿದ್ದ. ಆಳು ಗಟ್ಟಿಮುಟ್ಟು, ಆದರೆ ಕಣ್ಣು ಕೆಂಪಗಾಗಿ ಕಂಬಳಿಯೊಳಗೆ ಮುದುಡಿಕೊಂಡಿದ್ದ. ರಕ್ತ ತೆಗೆದು, "ರಿಪೋರ್ಟ್ ಬರೋತಂಕ ಏಳಬ್ಯಾಡ ಮಾರಾಯ" ಅಂತ ಹೇಳಿ ಬಂದೆ. ಅವನ ಹೆಂಡತಿ ಕಾಟಮ್ಮ ಬಾಗಿಲವರೆಗೆ ಬಂದು, "ಮೊಬೈಲ್‌ಗೆ ಬರ್ತೈತಲ್ಲಪ್ಪಾ?" ಅಂತ ಕೇಳಿದಳು. "ಸಂಜೀಗೇ ಬರ್ತೈತವ್ವ" ಅಂದೆ. ಅದರಂತೆ ಸಂಜೆಗೇ ಹೋಯಿತು. ಅಮರೇಶ್ ಸರ್ ಸೀಸೆಗಳನ್ನು ಮೆಷಿನ್ನಿಗೆ ಹಾಕಿ, ನೆಂಟರ ಮನೆಯಲ್ಲಿ ನಿಶ್ಚಿತಾರ್ಥ ಅಂತ ಹಿರಿಯೂರಿಗೆ ಓಡಿದ್ದರು. ಕಂಪ್ಯೂಟರ್ ತಾನೇ ಕಳಿಸುತ್ತದಲ್ಲ, ಇನ್ನೇನು ಚಿಂತೆ!

ಮಾರನೆಯ ಬೆಳಗ್ಗೆ ಬಂದ ಸರ್ ಮೆಷಿನ್ ತೆರೆದು ನೋಡುತ್ತಿದ್ದ ಹಾಗೇ ನಿಂತುಬಿಟ್ಟರು. "ಈ ಕ್ಯಾತಣ್ಣ ಯಾರು? ಪ್ಲೇಟ್‌ಲೆಟ್ ಹನ್ನೊಂದು ಸಾವಿರಕ್ಕೆ ಇಳಿದೈತೆ. ಆಸ್ಪತ್ರೆಗೆ ಸೇರಿದ್ನಾ ಇಲ್ವಾ?" ಒಂದೂವರೆ ಲಕ್ಷದ ಮೇಲಿರಬೇಕಾದದ್ದು ಅದು. ಅಷ್ಟು ಇಳಿದರೆ ಮೈಯೊಳಗೆ ಎಲ್ಲಿ ಬೇಕಾದರೂ ರಕ್ತ ಒಸರಬಹುದು, ತಲೆಯೊಳಗೆ ಒಸರಿದರೆ ಆಳು ಕೈಗೆ ಸಿಗುವುದಿಲ್ಲ. ಇದನ್ನು ತಿಳಿಯಲು ಡಾಕ್ಟರೇ ಆಗಬೇಕಿಲ್ಲ, ಸೂಜಿ ಹಿಡಿಯುವ ನನಗೂ ಗೊತ್ತು. ದಾಕ್ಷಾಯಿಣಿ, "ರಿಪೋರ್ಟ್ ಹೋಗೈತೆ ಸರ್, ನೋಡಿರ್ತಾರೆ" ಅನ್ನುತ್ತಾ ಕಳಿಸಿದ ಮೆಸೇಜ್ ತೆರೆದಳು. ಹೆಸರು ಕ್ಯಾತಣ್ಣ. ಫೋನ್ ನಂಬರ್ ಅವನದೇ. ಪ್ಲೇಟ್‌ಲೆಟ್ ಎರಡು ಲಕ್ಷ ಹತ್ತು ಸಾವಿರ, ಕೆಳಗೆ 'ಸಹಜವಾಗಿದೆ'.

ಮೆಷಿನ್ನಿನ ಅಂಕಿಯನ್ನೊಮ್ಮೆ, ಮೆಸೇಜನ್ನೊಮ್ಮೆ ನೋಡಿದಳು. "ಇದು ಇವನದಲ್ಲ," ಅಂದಳು. ನಾನು ಅಷ್ಟರಲ್ಲಿ ಫೋನ್ ಹಚ್ಚಿದ್ದೆ. ಎತ್ತಿದವಳು ಕಾಟಮ್ಮ. ಅವಳ ದನಿಯಲ್ಲಿ ಹಬ್ಬದ ಕಳೆ. "ನಿನ್ ಬಾಯಿಗೆ ಸಕ್ರಿ ಹಾಕ್ಬೇಕು ಕಣಪ್ಪಾ! ಚೆನ್ನಾಗೈತೆ ಅಂತ ಬಂತಲ್ಲ, ಪಕ್ಕದ ಹುಡುಗೀತಾವ ಓದ್ಸಿದ್ವಿ. ಅದು ಕೇಳಿದ್ದೇ ತಡ, ಬೆಳಗ್ಗೆ ಎದ್ದು ಮೈಕೈ ನೋವಿನ ಗುಳಿಗೆ ನುಂಗಿ ಕುರಿ ಹೊಡ್ಕಂಡು ಕಾವಲ್ ಕಡೀಕೆ ಹೋದ. ಫೋನ್ ಇಲ್ಲೇ ಬಿಟ್ಟು ಹೋಗ್ಯಾನೆ."

ನೋವಿನ ಗುಳಿಗೆ! ಡೆಂಗೀಯಲ್ಲಿ ಅಂಗಡಿಯ ನೋವಿನ ಗುಳಿಗೆ ನುಂಗಿದರೆ ರಕ್ತ ಒಸರುವುದಕ್ಕೆ ದಾರಿ ಮಾಡಿಕೊಟ್ಟ ಹಾಗೆ. "ಕಾಟಮ್ಮಾ, ಆ ರಿಪೋರ್ಟ್ ತಪ್ಪೈತೆ. ಯಾರನ್ನಾದ್ರೂ ಕರ್ಕಂಡು ನೀನೂ ಕಾವಲ್ ಕಡೆ ನಡಿ, ನಾನು ಬರ್ತೀನಿ" ಅಂದೆ. ಆ ಕಡೆಯಿಂದ ಒಂದು ಕೂಗು ಕೇಳಿಸಿತು.

ಬೈಕ್ ಕೀಲಿ ತೆಗೆದುಕೊಂಡು ಹೊರಗೆ ಬಂದರೆ ದಾಕ್ಷಾಯಿಣಿ ಹಿಂದೆಯೇ ಬಂದಳು. "ನಾನೂ ಬರ್ತೀನಿ." ನನಗೆ ಸಿಟ್ಟು ನೆತ್ತಿಗೇರಿತು. "ನೀನು ಬಂದು ಏನು ಮಾಡ್ತೀಯಾ ತಾಯಿ? ಮಾಡಿದ್ದು ಸಾಲ್ದಾ? ಅಲ್ಲಿ ಕೂತು ಇನ್ನೆಷ್ಟು ಜನಕ್ಕೆ ಹಿಂಗೇ ಹೋಗೈತೆ ನೋಡು!" ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಅಳಲಿಲ್ಲ. "ಸರ್ ನೋಡ್ತಾ ಇದಾರೆ, ಎಲ್ರಿಗೂ ಫೋನ್ ಮಾಡ್ತಾ ಇದಾರೆ. ಅವನನ್ನ ಎಬ್ಬಿಸಿ ಕಳ್ಸಿದ್ದು ನನ್ನ ಮೆಸೇಜು. ನಾನೇ ಹೇಳ್ಬೇಕು" ಅಂತ ಹಿಂದೆ ಹತ್ತಿ ಕೂತಳು.

ದಾರಿಯುದ್ದಕ್ಕೂ ಈರುಳ್ಳಿ ಹೇರಿದ ಟ್ರಾಕ್ಟರುಗಳು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಹಾರ್ನ್ ಹೊಡೆದು ಹೊಡೆದು ನನ್ನ ಹೆಬ್ಬೆರಳು ಸೋತಿತು. ಬಾಯಿಗೆ ಬಂದಂತೆ ಬೈಯುತ್ತಿದ್ದೆ, ಯಾರನ್ನು ಅಂತ ನನಗೇ ಗೊತ್ತಿಲ್ಲ. ಹಿಂದೆ ದಾಕ್ಷಾಯಿಣಿ ಏನೋ ಪಿಟಿಪಿಟಿ ಅನ್ನುತ್ತಿದ್ದಳು. ದೇವರನ್ನು ನೆನೆಯುತ್ತಿದ್ದಾಳೆ ಅಂದುಕೊಂಡೆ. ಕಿವಿಗೊಟ್ಟರೆ, ಸೀಸೆಯ ಗುರುತಿನ ಅಕ್ಷರಗಳನ್ನು ಬೆರಳ ಮೇಲೆ ಎಣಿಸುತ್ತಿದ್ದಾಳೆ. "ಸಿ ಲಾಭ, ಎಚ್ ಎರಡು, ಕೆ ಮೂರು, ಅಂಕಿ ನಾಲ್ಕು..." ಮತ್ತೆ ಮೊದಲಿನಿಂದ. ಇದ್ದಕ್ಕಿದ್ದಂತೆ ನನ್ನ ಭುಜ ಹಿಡಿದು ಕಿರುಚಿದಳು. "ಅಯ್ಯೋ ಶಿವನೇ! ಲಾಭ ಆದ್ಮೇಲೆ ಒಂದು ಬರ್ಬೇಕಿತ್ತು ಅಣ್ಣಾ, ನಾನು ಎರಡು ಅಂದುಬಿಟ್ಟೀನಿ!"

ಬೈಕ್ ಓಡಿಸುತ್ತಲೇ ಕೇಳಿ ತಿಳಿದುಕೊಂಡೆ. ಕಂಪ್ಯೂಟರಿನ ಎಣಿಕೆ ಸೊನ್ನೆ, ಒಂದು, ಎರಡು, ಮೂರು. ಅದರ ಪ್ರಕಾರ ಮೊದಲ ಅಂಕಿಯ ಜಾಗ ಮೂರು. ಇವಳು ಸೊನ್ನೆಯ ಜಾಗದಲ್ಲಿ ಲಾಭವನ್ನು ಕೂರಿಸಿದಳು, ಸರಿ. ಆದರೆ ಮಂಡಿಯಲ್ಲಿ ಬೆಳೆದ ನಾಲಿಗೆ ಲಾಭದ ಬೆನ್ನಿಗೇ ಎರಡು ಅಂದುಬಿಟ್ಟಿತು. ಒಂದು ಜಾಗ ಮುಂದೆ ಜರುಗಿ, ನಾಲ್ಕರಿಂದ ಕತ್ತರಿಸು ಅಂತ ಬರೆದಳು. ಮೊದಲ ಅಂಕಿಯೇ ಕಡಿದುಹೋಯಿತು. ಸಾವಿರ ದಾಟುವವರೆಗೆ ಮೊದಲ ಅಂಕಿ ಸೊನ್ನೆ. ಸೊನ್ನೆ ಹೋದರೆ ಯಾರಿಗೆ ನಷ್ಟ? ನಂಬರ್ ಸಾವಿರ ದಾಟಿದ್ದು ಹಿಂದಿನ ದಿನ. ಕ್ಯಾತಣ್ಣನ ಸೀಸೆ ಸಾವಿರದ ಮೂವತ್ತಾರು. ಒಂದನ್ನು ಕಡಿದರೆ ಉಳಿದದ್ದು ಮೂವತ್ತಾರು. ಎಂದೋ ಯಾರೋ ಆರೋಗ್ಯವಂತ ಕೊಟ್ಟ ರಕ್ತದ ಫಲಿತಾಂಶ ಕ್ಯಾತಣ್ಣನ ಹೆಸರು ಹೊತ್ತು ಅವನ ಮನೆಗೆ ಹೋಗಿತ್ತು. ಹೆಸರು, ಫೋನ್ ನಂಬರ್ ಹುಡುಕುವಾಗ ಕಂಪ್ಯೂಟರ್ ಕತ್ತರಿಸದ ಇಡೀ ಗುರುತನ್ನೇ ನೋಡುತ್ತಿದ್ದರಿಂದ ಅವು ಮಾತ್ರ ಸರಿಯಾಗಿದ್ದವು.

"ಅಮ್ಮಾ, ಈಗ ಅದನ್ನ ಬಿಡು. ಅವನು ಸಿಗ್ಲಿ ಮೊದ್ಲು" ಅಂದೆ. ಬೈಯಲು ನನ್ನಲ್ಲಿ ಉಸಿರೇ ಇರಲಿಲ್ಲ.

ಕುದಾಪುರ ದಾಟಿದ ಮೇಲೆ ಮೊಬೈಲಿನಲ್ಲಿ ಸಿಗ್ನಲ್ ಹೋಯಿತು. ಕಾವಲಿನ ಬೇಲಿಯ ಪಕ್ಕದ ಗಾಡಿಜಾಡಿನಲ್ಲಿ ಬೈಕ್ ಬಿಟ್ಟೆ. ಕಣ್ಣು ಹರಿದಷ್ಟೂ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ದೂರದಲ್ಲಿ ಕುರಿಹಿಂಡು ಕಂಡು ಓಡಿದರೆ ಬೇರೆಯವರದು. ಇನ್ನೊಂದು ಕಂಡು ಓಡಿದರೆ ಅದೂ ಅವನದಲ್ಲ. ದಾಕ್ಷಾಯಿಣಿ ಚಪ್ಪಲಿ ಕೈಯಲ್ಲಿ ಹಿಡಿದು ಮುಳ್ಳಿನ ಮೇಲೇ ಓಡುತ್ತಿದ್ದಳು. ಆಡು ಮೇಯಿಸುತ್ತಿದ್ದ ಸೂರಮ್ಮ ಅನ್ನುವ ಮುದುಕಿ ಸಿಕ್ಕಳು. "ಕ್ಯಾತನಾ? ಹಳ್ಳದ ಕಡೀಕೆ ಹೊಡ್ಕಂಡು ಹೋದ. ನಡಿಗೇನೇ ಸರಿ ಇರ್ಲಿಲ್ಲ ಬಿಡು, ಕುಡಿದೋನಂಗೆ ವಾಲಾಡ್ತಿದ್ದ" ಅಂದಳು. ಇಬ್ಬರೂ ಹಳ್ಳದ ಕಡೆ ಓಡಿದೆವು. ಹಳ್ಳದ ದಂಡೆ ಹತ್ತುವಾಗ, ಆಚೆ ಬದಿಯಲ್ಲಿ ಕುರಿಗಳು ಮಾತ್ರ ಇದ್ದು ಆಳು ಬಿದ್ದಿದ್ದರೆ ಏನು ಮಾಡಲಿ ಅನ್ನುವುದೊಂದೇ ತಲೆಯಲ್ಲಿತ್ತು.

ಬಿದ್ದಿರಲಿಲ್ಲ. ಜಾಲಿಯ ನೆರಳಲ್ಲಿ ಕಂಬಳಿ ಹೊದ್ದು ಕೂತಿದ್ದ. ನಮ್ಮನ್ನು ನೋಡಿ, "ಏಮಪ್ಪಾ, ಇಲ್ಲೀಗೂ ಬಂದ್ಯಾ? ಇನ್ನೂ ರಕ್ತ ಬೇಕಾ ನಿಂಗೆ?" ಅಂತ ನಕ್ಕ. ನಾನು ಹೋಗಿ ಅವನ ಕೈ ಹಿಡಿದು ಎಳೆದೆ. "ಏಳಲೇ, ಆಸ್ಪತ್ರೆಗೆ ಹೋಗಾಣ." ಅವನು ಕೈ ಕೊಸರಿಕೊಂಡ. "ನಾನ್ಯಾಕೆ ಬರ್ಲಿ? ಚೆನ್ನಾಗೈತೆ ಅಂತ ನೀವೇ ಕಳ್ಸಿದ್ರಿ. ಆ ಮೆಸೇಜ್ ಬಂದ್ಮ್ಯಾಲೆ ಜ್ವರ ಅರ್ಧ ಇಳೀತು ನಂಗೆ."

ದಾಕ್ಷಾಯಿಣಿ ಅವನ ಮುಂದೆ ನೆಲದ ಮೇಲೆ ಕೂತಳು. "ಅಣ್ಣಾ, ಅದನ್ನ ಕಳ್ಸಿದ್ದು ನಾನು. ಅದು ಬೇರೆಯವರದು. ನಿಮ್ಮ ರಕ್ತ ಚೆನ್ನಾಗಿಲ್ಲ. ನನ್ನ ತಪ್ಪು."

ಕ್ಯಾತಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೆನ್ನೆ ಚೆನ್ನಾಗೈತೆ ಅಂದ್ರಿ, ಇವತ್ತು ಇಲ್ಲ ಅಂತೀರಿ. ನಾಳೆ ಮತ್ತೆ ಐತೆ ಅಂತೀರಾ? ಯಾವ್ದು ನಂಬ್ಲಿ ತಾಯಿ?" ಅಂದವನು ಪಕ್ಕಕ್ಕೆ ತಿರುಗಿ ಉಗುಳಿದ. ಕೆಂಪಗಿತ್ತು. ಎಲೆಅಡಿಕೆಯ ಬಾಯಿ, ಕೆಂಪಗಿರುವುದರಲ್ಲಿ ಏನು ಹೊಸದು? ಆದರೂ ನನಗೆ ಯಾಕೋ ಅನುಮಾನ ಬಂತು. "ಎಲೆ ಯಾವಾಗ ಹಾಕ್ಕಂಡೆ ನೀನು?" ಅಂತ ಕೇಳಿದೆ. "ಜ್ವರ ಬಂದಾಗ್ನಿಂದ ಎಲ್ಲಿ ಹಾಕ್ಕಂಡೀನಿ? ಬಾಯೆಲ್ಲ ಕೆಟ್ಟು ಕುಂತೈತೆ" ಅಂದ. ಅಂದವನೇ ತಾನು ಉಗುಳಿದ್ದರ ಕಡೆ ನೋಡಿದ. ಬೆರಳಿನಿಂದ ವಸಡು ಒರೆಸಿ ಬೆರಳನ್ನೂ ನೋಡಿದ. ಆ ಗಟ್ಟಿ ಆಳಿನ ಕಣ್ಣಲ್ಲಿ ಆಗ ಕಂಡ ಹೆದರಿಕೆ ನನ್ನ ವೈರಿಗೂ ಬೇಡ.

"ಕುರಿ?" ಅಂದ. ಅಷ್ಟೇ ಕೇಳಿದ್ದು. ಬೈಕಿನಲ್ಲಿ ಹಿಂದೆ ಕೂರಲು ಒಬ್ಬರಿಗೇ ಜಾಗ. ಹಿಂಡು ಬಿಟ್ಟು ಬಾ ಅಂದರೆ ಆ ಮನುಷ್ಯ ಪ್ರಾಣ ಹೋದರೂ ಬರುವವನಲ್ಲ, ತೋಳ ಓಡಾಡುವ ಜಾಗ ಅದು. ದಾಕ್ಷಾಯಿಣಿ ಅವನ ಕೈಯಿಂದ ಕೋಲು ತೆಗೆದುಕೊಂಡಳು. "ನಾನಿರ್ತೀನಿ. ಕಾಟಮ್ಮ ಬರೋತನಕ ಒಂದೂ ಕಳ್ಕೊಳ್ಳಲ್ಲ. ಹೋಗ್ರಿ." ಮಂಡಿಯ ಮಗಳು, ಕುರಿಯನ್ನು ರಸ್ತೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡವಳಲ್ಲ. ಕ್ಯಾತಣ್ಣ ಅವಳಿಗೆ ಮುಂದಾಳು ಟಗರನ್ನು ತೋರಿಸಿ, ಅದು ನಿಂತರೆ ಎಲ್ಲ ನಿಲ್ಲುತ್ತವೆ ಅಂತ ಹೇಳಿ ನನ್ನ ಬೆನ್ನಿಗೊರಗಿ ಕೂತ. ಜಾರದಿರಲೆಂದು ಅವನ ಕಂಬಳಿಯಿಂದಲೇ ಅವನನ್ನು ನನಗೆ ಕಟ್ಟಿಕೊಂಡೆ. ದಾರಿಯಲ್ಲಿ ಅವನ ತಲೆ ನನ್ನ ಹೆಗಲ ಮೇಲೆ ಬಿದ್ದಾಗಲೆಲ್ಲ "ಲೇ ಕ್ಯಾತ, ಮಾತಾಡಲೇ!" ಅಂತ ಕೂಗುತ್ತಿದ್ದೆ. ಅವನು "ಊಂ" ಅನ್ನುವವರೆಗೆ ನನಗೆ ಜೀವವಿರುತ್ತಿರಲಿಲ್ಲ.

ಚಳ್ಳಕೆರೆಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು. ಅಲ್ಲಿ ಪ್ಲೇಟ್‌ಲೆಟ್ ಏರಿಸಿದರು. ಅಮರೇಶ್ ಸರ್ ತಪ್ಪು ರಿಪೋರ್ಟ್ ಹೋದ ಎಲ್ಲರನ್ನೂ ಹಿಡಿದು ಹೇಳಿಯಾಗಿತ್ತು. ಬೇರೆಯವರ್ಯಾರಿಗೂ ಪ್ರಾಣಕ್ಕೆ ಬರುವಂಥದ್ದು ಇರಲಿಲ್ಲ. ನಾನು ಕಾವಲಿಗೆ ವಾಪಸ್ ಹೋದಾಗ ಇಳಿಹೊತ್ತು. ಕಾಟಮ್ಮ ಹಟ್ಟಿಯವರ ಜೊತೆ ಬಂದು ಸೇರಿದ್ದಳು. ಅವಳೂ ದಾಕ್ಷಾಯಿಣಿಯೂ ಕುರಿಗಳ ನಡುವೆ ಸ್ವಲ್ಪ ದೂರ ದೂರ ಕೂತಿದ್ದರು. ಬೈಕಿನ ಸದ್ದಿಗೆ ಇಬ್ಬರೂ ಒಟ್ಟಿಗೇ ಎದ್ದು ನಿಂತರು. "ಬದುಕವ್ನೆ. ಮಾತಾಡ್ತಾವ್ನೆ. ಆಸ್ಪತ್ರೇಲಿ ನೋಡ್ಕೋತಾವ್ರೆ" ಅಂತ ದೂರದಿಂದಲೇ ಕೂಗಿದೆ. ಕಾಟಮ್ಮ ನೆಲಕ್ಕೆ ಕುಸಿದು ಅತ್ತಳು. ದಾಕ್ಷಾಯಿಣಿ ಹತ್ತಿರ ಹೋಗಲು ಹೆಜ್ಜೆ ಎತ್ತಿದವಳು ಹೋಗಲಿಲ್ಲ, ನಿಂತೇ ಇದ್ದಳು. ಆಮೇಲೆ ಕಾಟಮ್ಮನೇ ಕಣ್ಣೊರೆಸಿಕೊಂಡು, ಬುತ್ತಿಯಿಂದ ರೊಟ್ಟಿ ಮುರಿದು ಅವಳ ಕೈಗಿಟ್ಟಳು. "ತಿನ್ನು. ಬೆಳಗ್ಗಿಂದ ಏನೂ ತಿಂದಿಲ್ಲ ನೀನು" ಅಂದಳು, ಬೈಯುವ ದನಿಯಲ್ಲೇ.

ಕ್ಯಾತಣ್ಣ ಆಸ್ಪತ್ರೆಯಿಂದ ಮನೆಗೆ ಬಂದ. ದಾಕ್ಷಾಯಿಣಿ ತಪ್ಪು ತಿದ್ದಿದಳು. ತಿದ್ದಿದ್ದು ಒಂದೇ ಒಂದು ಅಂಕಿ, ನಾಲ್ಕು ಇದ್ದಲ್ಲಿ ಮೂರು. ಆದರೆ ಕಂಪ್ಯೂಟರ್ ತಾನೇ ಕಳಿಸುವುದನ್ನು ನಿಲ್ಲಿಸಿದಳು. ಈಗ ಪ್ರತಿಯೊಂದನ್ನೂ ಮೆಷಿನ್ನಿನ ಜೊತೆ ತಾಳೆ ನೋಡಿ ತಾನೇ ಕಳಿಸುತ್ತಾಳೆ. ರಿಪೋರ್ಟ್ ಮತ್ತೆ ತಡವಾಗುತ್ತದೆ. ಜನ ಮತ್ತೆ ನನ್ನನ್ನು ಬೈಯುತ್ತಾರೆ. ಬೈಯಲಿ ಬಿಡಿ.

ಕೆಲವು ವಾರ ಕಳೆದ ಮೇಲೆ ಡಾಕ್ಟರು ಹೇಳಿದರೆಂದು ಕ್ಯಾತಣ್ಣನ ರಕ್ತ ಮತ್ತೆ ತಂದೆ. ಪ್ಲೇಟ್‌ಲೆಟ್ ಏರಿ ಸರಿಯಾಗಿತ್ತು. ದಾಕ್ಷಾಯಿಣಿ ಸೀಸೆ ನೋಡಿದಳು, ಮೆಷಿನ್ ನೋಡಿದಳು, ಮತ್ತೆ ಸೀಸೆ ನೋಡಿ ಕಳಿಸಿದಳು. ಕಳಿಸಿದ ಕೂಡಲೇ ಫೋನ್ ಬಂತು. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು, ಧನ್ಯವಾದ ಹೇಳುತ್ತಾನೆ ಅಂದುಕೊಂಡಿರಬೇಕು.

"ತಾಯಿ, ಕ್ಯಾತಣ್ಣ ನಾನು. ಚೆನ್ನಾಗೈತೆ ಅಂತ ಬಂದೈತೆ. ಇದು ನಂದೇನಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಈಗಷ್ಟೇ ನೋಡಿದ್ದವಳು, ಹೌದು ಅನ್ನಬಹುದಿತ್ತು. ಅನ್ನಲಿಲ್ಲ. "ಸ್ವಲ್ಪ ಇರ್ರಿ ಅಣ್ಣಾ" ಅಂತ ಎದ್ದು ಹೋಗಿ, ಸೀಸೆಯ ಮೇಲಿನ ನಂಬರನ್ನು, ಹೆಸರನ್ನು, ಮೆಷಿನ್ನಿನ ಅಂಕಿಯನ್ನು ಅವನಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. "ನಿಮ್ದೇ ಅಣ್ಣಾ" ಅಂದಳು.

"ಹಂಗಾರೆ ನಾಳೆ ಕುರಿ ಹೊಡ್ಕಂಡು ಹೋಗ್ಲಾ?"

ನಾವೆಲ್ಲ ಅವಳ ಮುಖ ನೋಡುತ್ತಿದ್ದೆವು. ಆ ಕಡೆ ಕ್ಯಾತಣ್ಣ ಕಾಯುತ್ತಿದ್ದ, ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. "ಹೋಗ್ರಿ" ಅನ್ನುವ ಒಂದು ಮಾತು ಆಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು.